ಹೊಸ್ತಿಲಿಲ್ಲದ ಮನೆ ಕೊಲಂಬೊಗೆ ಹೋದದ್ದು

ಶಿರಾಳಕೊಪ್ಪ

ನಮ್ಮ ವಂಶದಲ್ಲಿ ಸಮುದ್ರ ದಾಟಿದವರ ಪೈಕಿ ನಾನು ಮೊದಲಿಗ. ನನ್ನ ಹೆಂಡತಿ ರತ್ನಮ್ಮ ಎರಡನೆಯವಳು, ಅದೂ ವಿಮಾನದಲ್ಲಿ ಅವಳ ಸೀಟು ನನ್ನ ಹಿಂದಿನ ಸಾಲಿನಲ್ಲಿ ಬಿತ್ತೆಂಬ ಕಾರಣಕ್ಕೆ. ನಮ್ಮ ಹಿರಿಯರು ಮಳೆಗಾಲದಲ್ಲಿ ಕುರಿ ಹೊಡೆದುಕೊಂಡು ಬಯಲುಸೀಮೆಗೆ ಹೋಗಿ, ಮಳೆ ನಿಂತ ಮೇಲೆ ತಿರುಗಿ ಬರುತ್ತಿದ್ದವರು. ನಾನು ಸರ್ವೆ ಇಲಾಖೆ ಸೇರಿ, ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹೊಲಗದ್ದೆಗಳಲ್ಲಿ ಚೈನು ಎಳೆಸಿ, ಅಣ್ಣತಮ್ಮಂದಿರ ನಡುವೆ ಗಡಿಕಲ್ಲು ನೆಡಿಸಿ, ಎರಡೂ ಕಡೆಯವರಿಂದ ಸಮನಾಗಿ ಬೈಸಿಕೊಂಡು ನಿವೃತ್ತನಾದೆ. ಇಂಥವನನ್ನು ಪರದೇಶಕ್ಕೆ ಕರೆಸಿದ್ದು ನನ್ನ ಯೋಗ್ಯತೆಯಲ್ಲ, ನಮ್ಮ ಮನೆ. ಮನೆ ತಾನೇ ಎದ್ದು ಹೋಗಲಾರದ್ದರಿಂದ ನಾವು ಹೋದೆವು.

ಹಳೆಯ ಮನೆಗಳನ್ನು ತಿದ್ದಿ ಕಟ್ಟುವವರಿಗೂ ನಾಲ್ಕಾರು ದೇಶಗಳವರು ಸೇರಿದ ಒಂದು ಸಂಘವಿದೆ, ಆ ಸಂಘ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುವ ಸಂಜೆಯೊಂದನ್ನು ನಡೆಸುತ್ತದೆ, ಆ ಸಂಜೆಗೆ ಮನೆಯ ಮಾಲೀಕರನ್ನೂ ಕರೆದು ಕೂರಿಸುತ್ತಾರೆ ಎಂಬುದು ಗೊತ್ತಾದದ್ದು ಶ್ವೇತಾಳಿಂದ. ಶ್ವೇತಾ ಸೊರಬದ ಹುಡುಗಿ, ಶಿವಮೊಗ್ಗದಲ್ಲಿ ಸಣ್ಣ ಕಚೇರಿ ಇಟ್ಟುಕೊಂಡಿರುವ ಎಂಜಿನಿಯರು. ನನ್ನ ಅಕ್ಕ ಹಾಲಮ್ಮನ ಬಲಗಾಲನ್ನು ಸಕ್ಕರೆ ಕಾಯಿಲೆ ಮೊಣಕಾಲಿನವರೆಗೆ ತೆಗೆದುಕೊಂಡು ಹೋದಾಗ, ಗಾಲಿಕುರ್ಚಿ ಓಡಾಡುವಂತೆ ಮನೆಯನ್ನು ತಿದ್ದಿಕೊಟ್ಟವಳು ಅವಳೇ. ಬಾಗಿಲು ಅಗಲ ಮಾಡಿದಳು, ಬಚ್ಚಲಿಗೆ ಹಿಡಿಕೆ ಹಾಕಿಸಿದಳು, ಅಪ್ಪ ಕೂರಿಸಿದ್ದ ಐದು ಹೊಸ್ತಿಲುಗಳನ್ನೂ ತೆಗೆಸಿ ನೆಲವನ್ನು ಕೆರೆಯ ನೀರಿನಂತೆ ಸಮ ಮಾಡಿದಳು. ತಲೆಬಾಗಿಲ ಕಲ್ಲಿನ ಹೊಸ್ತಿಲನ್ನು ಮಾತ್ರ ರತ್ನಮ್ಮ ಹೊರಗೆ ಎಸೆಯಗೊಡಲಿಲ್ಲ. ಅದು ತುಳಸಿಕಟ್ಟೆಗೆ ಒರಗಿಕೊಂಡು ನಿಂತಿತು, ಅಮಾನತ್ತಾದ ನೌಕರನ ಹಾಗೆ.

ಮೊದಲ ದಿನ ಅಕ್ಕ ತಾನೇ ಗಾಲಿ ತಳ್ಳಿಕೊಂಡು ತಲೆಬಾಗಿಲವರೆಗೆ ಬಂದಳು. ಒಂದು ಗೇಣು ಇರುವಾಗ ನಿಂತಳು.

"ಎತ್ರಿ," ಅಂದಳು.

"ಅಕ್ಕಾ, ಹೊಸ್ತಿಲು ತೆಗ್ಸಿ ಆತಲ್ಲ. ಗಾಲಿ ತಿರುಗ್ಸು, ಸಾಕು."

"ಕಲ್ಲು ತೆಗ್ಸೀಯ ತಮ್ಮಾ. ಹೊಸ್ತಿಲು ಎಲ್ಲಿ ಹೋಗ್ತೈತಿ? ಹೊಸ್ತಿಲ ಮ್ಯಾಲೆ ಗಾಲಿ ಹರಿಸ್ಲೇನು ನಾನು?"

ನಾನು ವಾದಿಸುವ ಸ್ಥಿತಿಯಲ್ಲಿರಲಿಲ್ಲ. ಕಲ್ಲು ಕಿತ್ತೊಗೆದ ಮಾತ್ರಕ್ಕೆ ಗಡಿ ಅಳಿಯುವುದಿಲ್ಲವೆಂದು ಕೋರ್ಟಿನಲ್ಲಿ ನಿಂತು ಎಷ್ಟೋ ಸಲ ಸಾಕ್ಷಿ ಹೇಳಿದವನು ನಾನೇ. ಅಂದಿನಿಂದ ಬಲಗಡೆ ನಾನು, ಎಡಗಡೆ ರತ್ನಮ್ಮ, ಕುರ್ಚಿಯನ್ನು ಅಕ್ಕನ ಸಮೇತ ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿಸಿ, ಆಚೆಗೆ ಇಳಿಸತೊಡಗಿದೆವು. ರತ್ನಮ್ಮ ದಿನಾ ಬೆಳಿಗ್ಗೆ ಆ ಸಮನೆಲಕ್ಕೇ ಹೊಸ್ತಿಲಿನಷ್ಟು ಅಗಲಕ್ಕೆ ಅರಿಶಿನ ಬಳಿದು ಕುಂಕುಮ ಇಡುತ್ತಿದ್ದಳು. ಅಕ್ಕನಿಗೇ ನಗು ಬರುತ್ತಿತ್ತು. "ಮುಂದಿನ ಕುರಿ ಅಡ್ಡ ಹಿಡಿದ ಕೋಲು ಹಾರ್ತೈತಿ. ಆಮ್ಯಾಲೆ ಕೋಲು ತೆಗೀರಿ, ಹಿಂದಿನ ಕುರಿ ಎಲ್ಲ ಅಲ್ಲೇ ಹಾರ್ತಾವು. ಇಷ್ಟು ವರ್ಷ ಕುರಿ ಕಾದಿದ್ದಕ್ಕ ನಮಗೂ ಅದ ಬುದ್ಧಿ ಬಂತು," ಅನ್ನುತ್ತಿದ್ದಳು. ಆ ಕುರಿ ಕಾದೇ ನನ್ನನ್ನು ಓದಿಸಿದವಳು ಅವಳು.

ಅಕ್ಕ ಆ ಜಾಗದ ಮೇಲೆ ಗಾಲಿ ಹರಿಸಿದ್ದು ಒಂದೇ ಸಲ. ಶ್ವೇತಾ ವಿಡಿಯೋ ಮಾಡಿಕೊಳ್ಳಲು ಬಂದ ದಿನ. "ಆ ಮಗು ಕೇಳ್ತು ಅಂತ ದಾಟಿದೆ," ಎಂದು ಆಮೇಲೆ ಸಂಜೆಯವರೆಗೆ ಊಟ ಮಾಡಲಿಲ್ಲ.

ಇನ್ನು ಉಳಿದದ್ದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ಗಾಯ ತೊಳೆಸಲು ಆಸ್ಪತ್ರೆಗೆ ಬೇಗ ಹೊರಡಬೇಕಿತ್ತು. ಅರಿಶಿನ ಇನ್ನೂ ಬಳಿದಿರಲಿಲ್ಲ. ನಾವು ಎತ್ತಿದೆವು. ಕಲ್ಲಿದ್ದಾಗ ಅದು ಎಲ್ಲಿ ಮುಗಿಯುತ್ತದೆಂದು ಇಬ್ಬರ ಕಾಲಿಗೂ ಗೊತ್ತಿತ್ತು. ಬರೀ ನೆಲದ ಮೇಲೆ ನನ್ನ ಲೆಕ್ಕಕ್ಕೆ ಹೊಸ್ತಿಲು ಮುಗಿದಿತ್ತು, ಅವಳ ಲೆಕ್ಕಕ್ಕೆ ಮುಗಿದಿರಲಿಲ್ಲ. ನಾನು ಇಳಿಸಿದೆ, ಅವಳು ಎತ್ತಿಕೊಂಡೇ ಇದ್ದಳು. ಅಕ್ಕ ಉರುಳಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರನೆಯ ವಾರಕ್ಕೆ ತೀರಿಕೊಂಡಳು.

ಬಿದ್ದದ್ದು ಹೇಗೆಂದು ಡಾಕ್ಟರು ಕೇಳಿದಾಗ ರತ್ನಮ್ಮ, "ನನ್ನ ಎಡಗೈ ಸೋತ್ತು ಡಾಕ್ಟ್ರೇ," ಅಂದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದೆ. ಎಡಗೈ ಸೋತಿದ್ದರೆ ಕುರ್ಚಿ ಎಡಕ್ಕೆ ವಾಲಬೇಕು. ವಾಲಿದ್ದು ಬಲಕ್ಕೆ. ಇದನ್ನು ತಿಳಿಯಲು ಸರ್ವೆ ಇಲಾಖೆಯ ಅನುಭವ ಬೇಕಿಲ್ಲ. ಆದರೂ ಕ್ಯಾಲೆಂಡರು ಬಹಳ ಚೆನ್ನಾಗಿತ್ತು. ಊರಿಗೆ, ಶ್ವೇತಾಳಿಗೆ, ನೆಂಟರಿಗೆ ನಾವು ಹೇಳಿದ್ದು ಒಂದೇ ಮಾತು: ಸಕ್ಕರೆ ಕಾಯಿಲೆ. ರತ್ನಮ್ಮ ಆಮೇಲೆ ಎಡಗೈಯಲ್ಲಿ ತುಂಬಿದ ಕೊಡ ಎತ್ತಲಿಲ್ಲ.

ನಾಲ್ಕು ತಿಂಗಳಿಗೆ ಶ್ವೇತಾಳ ಫೋನು ಬಂತು. ನಮ್ಮ ಮನೆ ಕೊನೆಯ ಸುತ್ತಿಗೆ ಆಯ್ಕೆಯಾಗಿದೆಯಂತೆ, ಸಮಾರಂಭ ಕೊಲಂಬೊದಲ್ಲಂತೆ. ನಾನು ಬೇಡವೆನ್ನುವಷ್ಟರಲ್ಲಿ ರತ್ನಮ್ಮ, "ಅಕ್ಕನ ವಿಡಿಯೋ ದೊಡ್ಡ ಪರದೆ ಮ್ಯಾಲೆ ತೋರಸ್ತಾರಂತ. ಹೋಗಾಣ," ಅಂದಳು.

ಆಕಾಶಮಾರ್ಗ

ಗುಡವಿ ಕೆರೆಗೆ ದೂರದೂರದಿಂದ ಹಕ್ಕಿಗಳು ಬಂದು, ಮರಿ ಮಾಡಿ, ಯಾರನ್ನೂ ಕೇಳದೆ ವಾಪಸು ಹೋಗುತ್ತವೆ. ನಾವು ಎರಡು ಪಾಸ್‌ಪೋರ್ಟಿಗಾಗಿ ಪೊಲೀಸ್ ಠಾಣೆಯಲ್ಲಿ ಅರ್ಧ ದಿನ ಬೆಂಚು ಕಾಯಿಸಿದೆವು. ನಮ್ಮ ಮೇಲೆ ಯಾವ ಪ್ರಕರಣವೂ ಇಲ್ಲವೆಂದು ಠಾಣೆ ಬರೆದುಕೊಟ್ಟಿತು. ಅದನ್ನು ಓದುವಾಗ ನನ್ನ ಕಣ್ಣು ಆ ಸಾಲಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ರತ್ನಮ್ಮನ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ಹೊರತೆಗೆದು, ಮುಚ್ಚಳ ಬಿಚ್ಚಿ, ಮೂಸಿ, ಇನ್ನೊಬ್ಬರಿಗೆ ಮೂಸಲು ಕೊಟ್ಟರು. ಆತ ಸೀನಿದ. "ರೊಟ್ಟಿನೂ ಐತಿ, ಕೊಡ್ಲೇನು?" ಎಂದು ರತ್ನಮ್ಮ ಕೇಳಿದಳು. ಆತ ಗಂಭೀರವಾಗಿ ಡಬ್ಬಿ ಮುಚ್ಚಿ ಕೊಟ್ಟ. ಸರ್ಕಾರಿ ನೌಕರನಿಗೆ ಹಸಿವಾಗಿದೆಯೋ ಇಲ್ಲವೋ ಎಂಬುದು ಅವನ ಮುಖ ನೋಡಿದರೆ ಇನ್ನೊಬ್ಬ ಸರ್ಕಾರಿ ನೌಕರನಿಗೆ ತಿಳಿಯುತ್ತದೆ. ಆತನಿಗೆ ಹಸಿವಾಗಿತ್ತು.

ಮೇಲಿನಿಂದ ಸಮುದ್ರ ನೋಡಿದೆ. ಒಂದು ಬದುವಿಲ್ಲ, ಒಂದು ಕಲ್ಲಿಲ್ಲ. ಎರಡು ದೇಶಗಳ ಗಡಿ ಎಲ್ಲಿ ಕಳೆಯಿತೆಂದು ಗೊತ್ತೇ ಆಗಲಿಲ್ಲ. ಇಂಥ ಕಡೆ ಅಳತೆ ಮಾಡುವವನ ಪಾಡು ಏನೆಂದು ಯೋಚಿಸುತ್ತ ಕಣ್ಣು ಮುಚ್ಚಿದೆ.

ಹೋಟೆಲಿನ ಬಾಗಿಲು

ಕೊಲಂಬೊ ಹೋಟೆಲಿನ ಗಾಜಿನ ಬಾಗಿಲು ನಾವು ಹತ್ತಿರ ಹೋಗುತ್ತಲೇ ತಾನಾಗಿ ಸರಿಯಿತು. ಕೆಳಗೆ ಒಂದು ಉಕ್ಕಿನ ಪಟ್ಟಿಯಿತ್ತು. ರತ್ನಮ್ಮ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪಟ್ಟಿ ಸವರುತ್ತ ಅಲ್ಲೇ ಇದ್ದುದರಿಂದ ಬಾಗಿಲು ಮುಚ್ಚಲು ಬಂತು, ಅವಳನ್ನು ನೋಡಿ ಹಿಂದೆ ಸರಿಯಿತು, ಮತ್ತೆ ಬಂತು, ಮತ್ತೆ ಸರಿಯಿತು. ಕಾವಲುಗಾರನೊಬ್ಬ ಅವಳ ಉಂಗುರ ಬಿದ್ದಿದೆಯೆಂದು ತಿಳಿದು ತಾನೂ ಕೂತು ಹುಡುಕತೊಡಗಿದ. ಇನ್ನೊಬ್ಬ ಟಾರ್ಚು ತಂದ. ಏನೂ ಕಳೆದಿಲ್ಲವೆಂದು ಅವರಿಗೆ ತಿಳಿಸುವಷ್ಟರಲ್ಲಿ ಹಿಂದೆ ಎಂಟು ಜನ ಸಾಲು ನಿಂತಿದ್ದರು. ಅಲ್ಲಿಯ ಜನ ಒಳ್ಳೆಯವರು. ಯಾರೂ ಗದರಲಿಲ್ಲ, ಎಲ್ಲರೂ ನೆಲ ನೋಡಿದರು.

ಮುಂಚೆಯೇ ಬಂದಿದ್ದ ಶ್ವೇತಾ ಓಡಿ ಬಂದು ಚೀಲ ಇಸಿದುಕೊಂಡಳು. ನನ್ನ ಕೈಗೆ ಒಂದು ಕಾರ್ಡು ಕೊಟ್ಟಳು. ಗೆದ್ದರೆ ಮಾಲೀಕರು ವೇದಿಕೆಯ ಮೇಲೆ ಒಂದು ನಿಮಿಷ ಮಾತಾಡಬೇಕು. ನಾನು ಕನ್ನಡದಲ್ಲಿ ಹೇಳುವುದು, ಅವಳು ಇಂಗ್ಲಿಷಿಗೆ ತಿರುಗಿಸುವುದು. ಕಾರ್ಡಿನಲ್ಲಿ ಮೂರು ಸಾಲಿದ್ದವು. ಎರಡನೆಯದು: "ಕೊನೆಯ ದಿನಗಳಲ್ಲಿ ನಮ್ಮ ಅಕ್ಕ ಯಾರ ಹಂಗೂ ಇಲ್ಲದೆ ಮನೆಯ ಒಳಗೂ ಹೊರಗೂ ಓಡಾಡಿದಳು."

"ಸರಿ ಇದೆ ಅಲ್ದಾ ಸರ್? ಅಜ್ಜಿ ತೀರಿಕೊಂಡಿದ್ದನ್ನ ಅರ್ಜೀಲಿ ತಿಳಿಸಿದೀನಿ, ಅದನ್ನ ಮುಚ್ಚಿಡಲಿಲ್ಲ."

ಮುಚ್ಚಿಡದವಳು ಅವಳೊಬ್ಬಳೇ ಎಂದು ನನಗನ್ನಿಸಿತು. ಕಾರ್ಡನ್ನು ಜೇಬಿಗೆ ಹಾಕಿಕೊಂಡೆ.

ವಿಹಾರದ ಮೆಟ್ಟಿಲು

ಮರುದಿನ ಬೆಳಿಗ್ಗೆ ಮೂರು ಗಾಲಿಯ ಗಾಡಿ ಹತ್ತಿ ಊರು ನೋಡಲು ಹೊರಟೆವು. ಚಾಲಕನ ಹೆಸರು ನಿಮಲ್. ಅವನ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಇದ್ದುದರಿಂದ ಸಂಭಾಷಣೆ ಸಮಸಮವಾಗಿ ನಡೆಯಿತು. ಅಲ್ಲಿ ಹಾಲಿಲ್ಲದ ಚಹಾದ ಜೊತೆ ಒಂದು ತುಂಡು ಬೆಲ್ಲ ಕೊಡುತ್ತಾರೆ. ಬೆಲ್ಲ ಕಚ್ಚಿಕೊಂಡು ಚಹಾ ಕುಡಿಯಬೇಕು. ಊಟಕ್ಕೆ ಐದು ಪಲ್ಯ, ಐದಕ್ಕೂ ಕಾಯಿ. "ಇವ್ರಿಗೆ ತೆಂಗಿನಮರ ಬಿಟ್ರೆ ಬೇರೆ ಏನೂ ಕಾಣಸಂಗಿಲ್ಲೇನ್ರಿ," ಅಂದಳು ರತ್ನಮ್ಮ, ಆದರೆ ಎರಡನೆಯ ಸಲ ಬಡಿಸಿಕೊಂಡಳು. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಬಸ್ಸಿನಲ್ಲೂ ಇಲ್ಲ. ಶಿರಾಳಕೊಪ್ಪದ ಸಂತೆಯ ದಿನ ಈ ಜನರನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟರೆ ಒಂದು ಗಂಟೆಗೆ ಕಿವಿ ಹೋಗುತ್ತದೆ.

ನಿಮಲ್ ನಮ್ಮನ್ನು ಒಂದು ಬೌದ್ಧ ವಿಹಾರಕ್ಕೆ ಕರೆದೊಯ್ದ. ಬಾಗಿಲ ಮುಂದೆ ಅರ್ಧಚಂದ್ರದ ಆಕಾರದ ಕೆತ್ತಿದ ಕಲ್ಲು, ಅದರ ಮೇಲೆ ಮೆಟ್ಟಿಲು, ಮೆಟ್ಟಿಲ ಕೊನೆಗೆ ಮೊಣಕಾಲೆತ್ತರದ ಹೊಸ್ತಿಲು. ಬಿಳಿ ಬಟ್ಟೆಯ ಹೆಂಗಸರು ಅದನ್ನು ತುಳಿಯದೆ ದಾಟುತ್ತಿದ್ದರು. ಪರದೇಶದಲ್ಲಿ ನಮ್ಮವರನ್ನು ಕಂಡಂತಾಯಿತು.

ಆಗಲೇ ನಾಲ್ಕು ಜನ ಗಂಡಸರು ಒಬ್ಬ ಮುದುಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದರು. ನಾನು ಬೇರೆ ಕಡೆ ತಿರುಗಿದೆ. ಅಲ್ಲಿ ಕ್ಯಾಲೆಂಡರಿರಲಿಲ್ಲ, ಒಂದು ಅರಳಿಮರವಿತ್ತು.

"ಎಡಗಡೆಯವ್ನ ಹಿಡಿತ ಸರಿ ಇಲ್ಲ," ಅಂದಳು ರತ್ನಮ್ಮ.

ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಮೆಟ್ಟಿಲ ಮೇಲಿದ್ದಳು. ಎಡಗಡೆಯವನ ಪಕ್ಕಕ್ಕೆ ನಿಂತು ಕುರ್ಚಿಯ ಕಾಲಿಗೆ ಎರಡೂ ಕೈ ಕೊಟ್ಟಳು. ಅವರು ಬೇಡವೆನ್ನಲಿಲ್ಲ. ಹೊಸ್ತಿಲು ದಾಟುವಾಗ ಮುಂದಿನವನು ಏನೋ ಕೇಳಿದ, ಹಿಂದಿನವನು ಏನೋ ಅಂದ, ಎಡಗಡೆಯವನೂ ಅದನ್ನೇ ಅಂದ, ಆಮೇಲೆ ಎಲ್ಲರೂ ಒಟ್ಟಿಗೆ ಇಳಿಸಿದರು. ಮುದುಕ ಅಲುಗಲಿಲ್ಲ.

"ಅವ್ರೇನು ಮಾತಾಡಿದ್ರು ಕೇಳ್ರಿ," ಎಂದು ಇಳಿದು ಬಂದ ರತ್ನಮ್ಮ ನನಗೆ ಹೇಳಿದಳು. ನಾನು ನಿಮಲ್‌ನನ್ನು ಕೇಳಿದೆ. ವಿಶೇಷವೇನಿಲ್ಲ, ಎಲ್ಲರೂ ದಾಟಿದಿರಾ ಎಂದು ಕೇಳಿದ, ದಾಟಿದೆವು ಎಂದರು, ಅಷ್ಟೇ ಎಂದ ನಿಮಲ್. ಇದನ್ನೂ ಕೇಳುತ್ತಾರಾ ಎಂಬಂತೆ ನಮ್ಮನ್ನು ನೋಡಿದ.

ರತ್ನಮ್ಮ ತನ್ನ ಕೈ ನೋಡಿಕೊಂಡಳು.

"ನಾವು ಕೇಳ್ಲಿಲ್ಲ," ಅಂದಳು.

ಹೇಳುವುದಿದ್ದರೆ ಅದು ಹೇಳುವ ಜಾಗ. ನಾನು, "ಬಿಸಿಲು ಜಾಸ್ತಿ ಆತು, ಹೋಗಾಣ," ಅಂದೆ.

ಪ್ರಶಸ್ತಿಯ ಸಂಜೆ

ಸಭಾಂಗಣದಲ್ಲಿ ದುಂಡನೆಯ ಮೇಜುಗಳು. ಒಂದೊಂದು ಮೇಜಿಗೂ ಒಂದೊಂದು ಮನೆ. ಕಟ್ಟಿದವರು ಒಂದು ಕಡೆ, ಕಟ್ಟಿಸಿಕೊಂಡವರು ಇನ್ನೊಂದು ಕಡೆ, ಥೇಟ್ ಬೀಗರ ಊಟ. ಕಟ್ಟಿದವರು ನಗುತ್ತಿದ್ದರು. ಕಟ್ಟಿಸಿಕೊಂಡವರು, ಎಲ್ಲ ದೇಶದಲ್ಲೂ ಹಾಗೆಯೇ ಎಂದು ತೋರುತ್ತದೆ, ಚಾವಣಿಯಲ್ಲಿ ಬಿರುಕು ಹುಡುಕುತ್ತಿದ್ದರು. ಪಕ್ಕದ ಮೇಜಿನ ಗಂಡಹೆಂಡಿರ ಅಡುಗೆಮನೆಗೆ ಬಹುಮಾನ ಬಂತು. ಆ ಅಡುಗೆಮನೆಯಲ್ಲಿ ನಮ್ಮ ಸಂತೆಯನ್ನೇ ನಡೆಸಬಹುದಿತ್ತು. ಅದರಲ್ಲಿ ತಾವು ಅಡುಗೆ ಮಾಡುವುದಿಲ್ಲವೆಂದು ಆ ಹೆಂಗಸು ಹೆಮ್ಮೆಯಿಂದ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲೀಕರ ಮಾತೆಂದರೆ ಹೀಗಿರಬೇಕು: ಚಿಕ್ಕದು, ಸತ್ಯವಾದದ್ದು.

ನಮ್ಮ ಸರದಿ ಬಂತು. ದೀಪ ಆರಿಸಿದರು. ಪರದೆಯ ಮೇಲೆ ಅಕ್ಕ ಬಂದಳು.

ಮನೆಯ ಗೋಡೆಗಿಂತ ದೊಡ್ಡ ಅಕ್ಕ. ಹಸಿರು ಸೀರೆ, ಕಿವಿಯ ಹಿಂದೆ ಬಿಳಿ ಕೂದಲು. ಗಾಲಿ ತಳ್ಳಿಕೊಂಡು ಬಾಗಿಲವರೆಗೆ ಬಂದು ಒಂದು ಗೇಣು ಇರುವಾಗ ನಿಂತಳು. ಕಣ್ಣು ಮುಚ್ಚಿದಳು. ಗಾಲಿ ಸದ್ದಿಲ್ಲದೆ ದಾಟಿತು. ದಾಟಿದ ಮೇಲೆ ಸೊಂಟ ಬಗ್ಗಿಸಿ, ಬೆರಳ ತುದಿಯಿಂದ ನೆಲ ಮುಟ್ಟಿ, ಎರಡೂ ಕೆನ್ನೆಗೆ ಬಡಿದುಕೊಂಡಳು. ತಪ್ಪಾಯಿತು ಎಂದು. ಸಭೆಗೆ ಅದು ಸಂತೋಷವೆಂದು ಕಂಡಿತು. ಕತ್ತಲಲ್ಲಿ ಚಪ್ಪಾಳೆ ಎದ್ದಿತು. ರತ್ನಮ್ಮ ಮಾತ್ರ ಚಪ್ಪಾಳೆ ತಟ್ಟದೆ, ಪರದೆ ಖಾಲಿಯಾದ ಮೇಲೂ ಅದನ್ನೇ ನೋಡುತ್ತಿದ್ದಳು.

ನಾವು ಗೆದ್ದೆವು. ಗಾಜಿನ ಬಾಗಿಲುವಾಡವೊಂದನ್ನು ನನ್ನ ಕೈಗೆ ಕೊಟ್ಟರು. ಎರಡು ಕಂಬ, ಮೇಲೊಂದು ಪಟ್ಟಿ, ಕೆಳಗೊಂದು ದಪ್ಪ ಪಟ್ಟಿ. ಹೊಸ್ತಿಲು ತೆಗೆದ ಮನೆಗೆ ಕೊಟ್ಟ ಪ್ರಶಸ್ತಿಗೆ ಹೊಸ್ತಿಲಿತ್ತು. ಅದಿಲ್ಲದಿದ್ದರೆ ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ.

ಮೈಕು ಮುಂದಿಟ್ಟರು. ಕಾರ್ಡು ತೆಗೆದೆ. ಮೊದಲ ಸಾಲು ಓದಿದೆ, ಎಲ್ಲರಿಗೂ ನಮಸ್ಕಾರವೆಂದು. ಶ್ವೇತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಎರಡನೆಯ ಸಾಲಿಗೆ ಬಂದೆ. ಕೆಳಗೆ ಮೇಜಿನ ಬಳಿ ರತ್ನಮ್ಮ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಕೂತಿದ್ದಳು. ಇಡೀ ಸಭೆಯಲ್ಲಿ ಕನ್ನಡ ಬಲ್ಲವರು ನಾವು ಮೂರೇ ಜನ ಎಂಬುದು ಆಗ ಹೊಳೆಯಿತು. ಇದು ಧೈರ್ಯವಲ್ಲ. ಮನೆಯಲ್ಲಿ ನಾಲ್ಕು ಗೋಡೆಯ ನಡುವೆ ಹೇಳಲಾಗದ್ದನ್ನು ಮುನ್ನೂರು ಜನರ ಮುಂದೆ, ಅವರಿಗೆ ತಿಳಿಯದ ಭಾಷೆಯಲ್ಲಿ ಹೇಳುವುದು ಹೇಡಿಗೆ ಸಿಕ್ಕ ಸವಲತ್ತು.

"ನಮ್ಮಕ್ಕ ಈ ಬಾಗಿಲು ದಾಟಿದ್ದು ನೀವು ನೋಡಿದ ಆ ಒಂದೇ ಸಲ," ಅಂದೆ. "ಉಳಿದ ದಿನ ನಾವಿಬ್ಬರೂ ಎತ್ತಿ ದಾಟಿಸಿದೆವು. ಕೊನೆಯ ದಿನ ಹೊಸ್ತಿಲು ಮುಗಿಯಿತೆಂದು ತಿಳಿದು ನನ್ನ ಕಡೆಯನ್ನು ನಾನು ಮೊದಲು ಇಳಿಸಿದೆ. ಅಕ್ಕ ಬಿದ್ದು ಸತ್ತಳು. ನನ್ನ ಹೆಂಡತಿಯ ಕೈ ಸೋತಿರಲಿಲ್ಲ. ಅವಳು ಹಾಗೆ ಹೇಳಿದಾಗ ನಾನು ಸುಮ್ಮನಿದ್ದೆ."

ಶ್ವೇತಾಳ ಮುಖದಲ್ಲಿ ರಕ್ತವಿರಲಿಲ್ಲ. ಸಭೆ ಕಾಯುತ್ತಿತ್ತು. ಅವಳು ನನ್ನ ಕೈಯಲ್ಲಿದ್ದ ಕಾರ್ಡನ್ನು ನೋಡಿದಳು. ಕೊನೆಗೆ ಇಂಗ್ಲಿಷಿನಲ್ಲಿ, ಅಕ್ಕನ ನೆನಪು ಇವರನ್ನು ಬಹಳ ಕಾಡುತ್ತದಂತೆ, ಎಂದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಹೊರಗಿನ ಮೊಗಸಾಲೆಯಲ್ಲಿ ಅವಳು, "ಅದನ್ನ ಹೇಳ್ಲಿಕ್ಕೆ ನನ್ನ ಕೈಲಿ ಆಗ್ಲಿಲ್ಲ ಸರ್," ಅಂದಳು. ಆಮೇಲೆ, "ಅಜ್ಜಿ ಕೆನ್ನೆ ಬಡ್ಕಂಡಿದ್ದು ಯಾಕೆ ಅಂತ ನಾನು ಒಂದು ಸಲನಾದ್ರೂ ಕೇಳಬೇಕಿತ್ತು. ನಕ್ಕೊಂಡು ವಿಡಿಯೋ ಮಾಡಿದೆ."

ತಪ್ಪಿನ ಪಹಣಿಯಲ್ಲಿ ಒಂದು ಹೆಸರಿರಬೇಕಾದ ಕಡೆ ಮೂರು ಹೆಸರು ಕೂತವು. ಜಂಟಿ ಖಾತೆಯ ಜಮೀನು ಎಂದಿಗೂ ಸರಿಯಾಗಿ ಭಾಗವಾಗುವುದಿಲ್ಲ, ಅದನ್ನು ನಾನು ಬಲ್ಲೆ.

ಸಮುದ್ರದ ದಂಡೆ

ರತ್ನಮ್ಮ ಮಾತಾಡಿದ್ದು ಮರುದಿನ ಬೆಳಿಗ್ಗೆ. ಸಮುದ್ರದ ದಂಡೆಗೆ ಹುಲ್ಲಿನ ಬಯಲಿದೆ. ಮಕ್ಕಳು ಗಾಳಿಪಟ ಬಿಡುತ್ತಿದ್ದರು. ಸಿಗಡಿ ಅಂಟಿಸಿದ ವಡೆ ಮಾರುವವನೊಬ್ಬ ನಮ್ಮ ಮುಂದೆ ಮೂರು ಸಲ ಹೋಗಿ, ಮುಖ ನೋಡಿ, ನಾಲ್ಕನೆಯ ಸಲ ಬೇರೆ ದಾರಿ ಹಿಡಿದ.

"ಕುರ್ಚಿ ನಿಮ್ಮ ಕಡೆ ಬಿತ್ತು," ಅಂದಳು.

"ಹೂಂ."

"ನಂಗ ಗೊತ್ತಿರ್ಲಿಲ್ಲ ಅನ್ಕಂಡ್ರೇನು?"

ನಾನು ಅವಳ ಕಡೆ ನೋಡಿದೆ. ಅವಳು ನೀರಿನ ಕಡೆ ನೋಡುತ್ತಿದ್ದಳು.

"ಡಾಕ್ಟ್ರು ಕೇಳಿದಾಗ ನಿಮ್ಮ ಮುಖ ನೋಡಿದೆ. ನಿಮ್ಮ ಜೀವ ಅಲ್ಲೇ ಹೋಗ್ತೈತಿ ಅನ್ನಿಸ್ತು. ಅದ್ಕ ನಾ ಹೇಳ್ದೆ. ನೀವು ಅಲ್ಲ ಅಂತೀರಿ ಅಂತ ಕಾದೆ. ಅವತ್ತು ಅನ್ಲಿಲ್ಲ. ಮನಿಗೆ ಬಂದ ಮ್ಯಾಲೆ ಅಂತೀರಿ ಅನ್ಕಂಡೆ. ತಿಥಿ ದಿನ ಅಂತೀರಿ ಅನ್ಕಂಡೆ."

"ಮತ್ತ ಕೊಡ ಯಾಕ ಎತ್ತಲಿಲ್ಲ, ಎಡಗೈಲಿ?"

"ಹೇಳಿ ಹೇಳಿ ಕೈಗೂ ಹಂಗ ಅನ್ನಿಸಿಬಿಡ್ತು. ಏನು ಹಿಡಿದ್ರೂ ನಡುಗ್ತೈತಿ." ಅವಳು ಕೈ ಚಾಚಿ ತೋರಿಸಿದಳು. ನಡುಗುತ್ತಿತ್ತು. "ನೀವು ಹೇಳೋದಕ್ಕ ಪರದೇಶಕ್ಕೇ ಬರಬೇಕಾತು."

ವಿಮಾನದಲ್ಲಿ ಈ ಸಲ ಸೀಟು ಅಕ್ಕಪಕ್ಕ ಸಿಕ್ಕಿದ್ದವು. ಇಬ್ಬರ ನಡುವಿನ ಕೈಯಾಸರೆಯನ್ನು ಇಬ್ಬರೂ ಬಳಸಲಿಲ್ಲ.

ತಲೆಬಾಗಿಲು

ಬಸ್ಸಿಳಿದು ಮನೆಗೆ ಬಂದಾಗ ಬಿಸಿಲು ಏರಿತ್ತು. ಕೀಲಿ ತೆಗೆದೆ. ನಾವು ಇಲ್ಲದಾಗ ಅರಿಶಿನ ಬಳಿಯುವವರಿಲ್ಲದೆ ಬಾಗಿಲ ನೆಲ ಬರೀ ನೆಲವಾಗಿತ್ತು. ಎಲ್ಲಿಂದ ಎಲ್ಲಿಯವರೆಗೆ ಹೊಸ್ತಿಲು ಎಂದು ಹೇಳಲು ಒಂದು ಗುರುತಿರಲಿಲ್ಲ. ಸೂಟ್‌ಕೇಸಿಗೆ ನಾಲ್ಕು ಗಾಲಿಗಳಿದ್ದವು. ನಾನು ತಳ್ಳಿಕೊಂಡು ಬಂದು, ಒಂದು ಗೇಣು ಇರುವಾಗ ನಿಂತೆ. ಒಳಗೆ ಬಟ್ಟೆಯ ನಡುವೆ ಗಾಜಿನ ಬಾಗಿಲುವಾಡವಿತ್ತು.

ರತ್ನಮ್ಮ ಬಂದು ಎಡಗಡೆ ಹಿಡಿದಳು. ಎಡಗೈಯಲ್ಲೇ. ನಾನು ಬಲಗಡೆ ಹಿಡಿದೆ. ಎತ್ತಿದೆವು. ಒಂದು ಹೆಜ್ಜೆ ಇಟ್ಟೆವು. ನನ್ನ ಲೆಕ್ಕಕ್ಕೆ ಹೊಸ್ತಿಲು ಮುಗಿದಿತ್ತು.

"ದಾಟಿತೇನು?" ಎಂದು ಕೇಳಿದೆ.

ಅವಳ ಕೈ ನಡುಗುವುದು ಹಿಡಿಕೆಯಿಂದ ನನ್ನ ಕೈಗೂ ಬರುತ್ತಿತ್ತು. ಅವಳು ನೆಲ ನೋಡಿದಳು, ತುಳಸಿಕಟ್ಟೆಗೆ ಒರಗಿದ ಕಲ್ಲು ನೋಡಿದಳು, ಮತ್ತೆ ನೆಲ ನೋಡಿದಳು.

"ಇನ್ನೂ ಇಲ್ಲ," ಅಂದಳು. "ಹಿಡ್ಕಂಡಿರ್ರಿ."

ಹಿಡಿದುಕೊಂಡು ನಿಂತೆ.